ಕುಡಿಯುವ ನೀರಿನಲ್ಲಿ ಸೀಸ: ಬಾವಿಯಿಂದ ಚೊಂಬಿನವರೆಗೆ

ರೈತರ ಮನೆಗಳಲ್ಲಿ ಕುಡಿಯುವ ನೀರಿನ ಮಾತು ಬಂದರೆ ಅದು ಸಾಮಾನ್ಯವಾಗಿ ಬಾವಿಯ ಮಾತೇ ಆಗಿರುತ್ತದೆ. ಕೊಳವೆ ಬಾವಿ ಎಷ್ಟು ಅಡಿ ಆಳ, ನೀರು ಸಿಹಿಯೋ ಸವುಳೋ, ಫ್ಲೋರೈಡ್ ಇದೆಯೋ ಇಲ್ಲವೋ, ಅದರಲ್ಲಿ ಬೇಳೆ ಬೇಯುತ್ತದೆಯೋ ಇಲ್ಲವೋ ಎಂದು ವಿಚಾರಿಸುತ್ತಾರೆ. ಮೇಲೆ ಬಂದ ನೀರು ಅಡಿಗೆಮನೆಯ ಕೊಡ ಸೇರುವವರೆಗೆ ಯಾವ ಯಾವ ಲೋಹವನ್ನು ಸವರಿಕೊಂಡು ಬಂದಿತು, ಎಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂದು ವಿಚಾರಿಸುವವರು ವಿರಳ. ಫ್ಲೋರೈಡಿನ ವಿಷಯದಲ್ಲಿ ಮೊದಲನೆಯ ಪ್ರಶ್ನೆ ಸರಿ. ಸೀಸದ ವಿಷಯದಲ್ಲಿ ಕೇಳಬೇಕಾದುದು ಎರಡನೆಯದನ್ನು.

ಕಾರಣ ಸರಳವಾದುದು. ಸೀಸವು ಮಣ್ಣಿನ ಕಣಗಳಿಗೆ ಬಲವಾಗಿ ಅಂಟಿಕೊಳ್ಳುವ ಲೋಹ. ಭೂಮಿಯೊಳಗೆ ಅದು ನೀರಿನೊಡನೆ ಸುಲಭವಾಗಿ ಹರಿದು ಬರುವುದಿಲ್ಲ. ಹಳೆಯ ಬ್ಯಾಟರಿಗಳನ್ನು ಒಡೆಯುವ ಜಾಗ, ಗಣಿ ಅಥವಾ ಕಾರ್ಖಾನೆಯ ಕಸ ಹತ್ತಿರವಿಲ್ಲದ ಕಡೆ ಬಾವಿಯ ನೀರಿನಲ್ಲಿ ಸೀಸ ಬಹಳ ಕಡಿಮೆ. ಆದರೆ ಅದೇ ನೀರು ರಾತ್ರಿಯಿಡೀ ಪೈಪು ಮತ್ತು ನಲ್ಲಿಯೊಳಗೆ ನಿಂತು, ಬೆಳಗಿನ ಜಾವ ಮೊದಲ ಚೊಂಬಿಗೆ ಬೀಳುವಷ್ಟರಲ್ಲಿ ಸೀಸವನ್ನು ಹೊತ್ತು ಬರಬಹುದು. ಆ ಮೊದಲ ಚೊಂಬು ಅನೇಕ ಮನೆಗಳಲ್ಲಿ ನೇರವಾಗಿ ಒಲೆಯ ಮೇಲಿನ ಪಾತ್ರೆಗೆ ಹೋಗುತ್ತದೆ. ಮಗುವಿನ ರಾಗಿ ಸರಿಯೂ ಅದರಲ್ಲೇ ಕುದಿಯುತ್ತದೆ.

ಎಷ್ಟಿದ್ದರೆ ಹೆಚ್ಚು?

ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನಕ ಐ.ಎಸ್. 10500ರ 2012ರ ಆವೃತ್ತಿಯಂತೆ ಒಂದು ಲೀಟರ್ ನೀರಿನಲ್ಲಿ ಸೀಸ 0.01 ಮಿಲಿಗ್ರಾಂ ಮೀರಕೂಡದು. ಬೇರೆ ನೀರು ಸಿಗದಿದ್ದರೆ ಸ್ವಲ್ಪ ಹೆಚ್ಚಿದ್ದರೂ ನಡೆದೀತು ಎಂಬ ಸಡಿಲಿಕೆ ಗಡಸುತನ, ಕ್ಲೋರೈಡುಗಳಂತಹವಕ್ಕೆ ಇದೆ, ಸೀಸಕ್ಕೆ ಇಲ್ಲ. 1991ರ ಮಾನಕದಲ್ಲಿ ಈ ಮಿತಿ 0.05 ಮಿಲಿಗ್ರಾಂ ಇತ್ತು. ಅಂದರೆ ಐದು ಪಾಲಿನಲ್ಲಿ ನಾಲ್ಕು ಪಾಲನ್ನು ಕಡಿತ ಮಾಡಲಾಗಿದೆ. 0.01 ಎಂದರೆ ಎಷ್ಟೆಂದು ಅಂದಾಜು ಸಿಗಬೇಕಾದರೆ, ಮನೆಯ ಮೇಲಿನ ಸಾವಿರ ಲೀಟರಿನ ಟ್ಯಾಂಕನ್ನು ನೆನೆಯಬೇಕು. ಆ ಟ್ಯಾಂಕು ತುಂಬ ನೀರಿಗೆ 10 ಮಿಲಿಗ್ರಾಂ, ಹೆಚ್ಚು ಕಡಿಮೆ ಅರ್ಧ ಅಕ್ಕಿಕಾಳಿನ ತೂಕದಷ್ಟು ಸೀಸ ಸೇರಿದರೆ ಮಿತಿ ಮುಟ್ಟಿತು. ಇಷ್ಟು ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ತಿಳಿನೀರು ಎಂಬ ಮಾತು ಇಲ್ಲಿ ಏನನ್ನೂ ಹೇಳುವುದಿಲ್ಲ.

ಮಿತಿಯನ್ನು ಇಷ್ಟು ಬಿಗಿಗೊಳಿಸಿರುವುದು ಮುಖ್ಯವಾಗಿ ಮಕ್ಕಳಿಗಾಗಿ. ವಯಸ್ಕರು ನುಂಗಿದ ಸೀಸದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ರಕ್ತಕ್ಕೆ ಸೇರಿದರೆ, ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಸೇರಬಹುದು. ಅದಲ್ಲದೆ ಮಗು ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ನೀರು ಕುಡಿಯುತ್ತದೆ. 60 ಕಿಲೋ ತೂಕದ ಆಳು ದಿನಕ್ಕೆ 2 ಲೀಟರ್ ಕುಡಿದರೆ ಕಿಲೋ ಒಂದಕ್ಕೆ 33 ಮಿಲಿಲೀಟರ್ ಆಯಿತು. ಪುಡಿಹಾಲನ್ನು ಕಲಸಿ ಕುಡಿಸುವ 6 ಕಿಲೋ ತೂಕದ ಕೂಸಿಗೆ ಮುಕ್ಕಾಲು ಲೀಟರ್ ಹೋದರೆ ಕಿಲೋ ಒಂದಕ್ಕೆ 125 ಮಿಲಿಲೀಟರ್. ದೇಹವು ಸೀಸವನ್ನು ಸುಣ್ಣಾಂಶವೆಂದೇ ತಪ್ಪು ತಿಳಿದು ಮೂಳೆಯಲ್ಲಿ ಕೂಡಿಡುತ್ತದೆ. ಅಲ್ಲಿ ಅದು ದಶಕಗಳ ಕಾಲ ಇರುತ್ತದೆ. ಹೆಣ್ಣುಮಗಳು ಬಸುರಾದಾಗ, ಹಾಲೂಡಿಸುವಾಗ ಮೂಳೆಯ ಸುಣ್ಣಾಂಶ ಕರಗುವುದರ ಜೊತೆಗೆ ಆ ಹಳೆಯ ಸೀಸವೂ ಹೊರಬಂದು ಕೂಸಿಗೆ ತಲಪುತ್ತದೆ. ಬೆಳೆಯುವ ಮೆದುಳಿಗೆ ಆಗುವ ಹಾನಿ ಜ್ವರದಂತೆ ಕಾಣಿಸಿಕೊಳ್ಳುವುದಿಲ್ಲ. ಮಗು ಓದಿನಲ್ಲಿ ಹಿಂದೆ ಬೀಳುತ್ತದೆ, ಒಂದು ಕಡೆ ಗಮನವಿಟ್ಟು ಕೂರುವುದಿಲ್ಲ, ರಕ್ತಹೀನವಾಗುತ್ತದೆ. ದಡ್ಡ ಎಂದೋ ತುಂಟ ಎಂದೋ ಮನೆಯವರೂ ಮೇಷ್ಟರೂ ಹೆಸರಿಟ್ಟುಬಿಡುತ್ತಾರೆ. ಇಷ್ಟು ಸೀಸವಾದರೆ ಅಪಾಯವಿಲ್ಲ ಎಂದು ಹೇಳಬಹುದಾದ ಮಟ್ಟ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಗಮನ ಸೆಳೆದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಪ್ರಮುಖರು. 2000ದಲ್ಲಿ ದೇಶಾದ್ಯಂತ ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಿತು. ಅದರಿಂದ ಗಾಳಿಯ ಸೀಸ ಬಹಳವಾಗಿ ಇಳಿಯಿತು. ಆದರೂ 2020ರಲ್ಲಿ ಯೂನಿಸೆಫ್ ಸಂಸ್ಥೆ ಪಾಲುಗೊಂಡು ಹೊರತಂದ ವರದಿಯೊಂದು ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಗಮನಿಸಬೇಕಾದಷ್ಟು ಸೀಸವಿದೆಯೆಂದು ಅಂದಾಜು ಮಾಡಿತು. ಬಣ್ಣ, ಬ್ಯಾಟರಿ, ಕಲಬೆರಕೆಯ ಅರಿಸಿನಪುಡಿ, ಪಾತ್ರೆ, ಹೀಗೆ ಮೂಲಗಳು ಹಲವು. ನೀರು ಅವುಗಳಲ್ಲಿ ಒಂದು. ಆದರೆ ಮನೆಯವರೇ ಕೈಯಾರೆ ಸರಿಪಡಿಸಬಹುದಾದ ಒಂದು.

ಫ್ಲಿಂಟ್ ಪಟ್ಟಣದಲ್ಲಿ ನಡೆದುದು

ನೀರು ಒಳ್ಳೆಯದಿದ್ದೂ ಪೈಪು ಕೆಡಿಸಬಲ್ಲದೆಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಪಟ್ಟಣ ಒಂದು ದೊಡ್ಡ ನಿದರ್ಶನ. ಸುಮಾರು ಒಂದು ಲಕ್ಷ ಜನರ ಆ ಊರಿಗೆ ಬಹಳ ಕಾಲದಿಂದ ದೂರದ ಹ್ಯೂರಾನ್ ಸರೋವರದ ನೀರು ಬರುತ್ತಿತ್ತು. ಖರ್ಚು ಉಳಿಸಲೆಂದು 2014ರ ಏಪ್ರಿಲಿನಲ್ಲಿ ಊರಿನ ಪಕ್ಕದಲ್ಲೇ ಹರಿಯುವ ಫ್ಲಿಂಟ್ ನದಿಯ ನೀರಿಗೆ ಬದಲಾಯಿಸಿದರು. ನದಿಯ ನೀರಿನಲ್ಲಿ ಸೀಸವೇನೂ ಇರಲಿಲ್ಲ. ಆದರೆ ಅದು ಲೋಹವನ್ನು ಹೆಚ್ಚು ಕೊರೆಯುವ ನೀರು. ಹಿಂದೆ ಬರುತ್ತಿದ್ದ ನೀರಿಗೆ ಸ್ವಲ್ಪ ಫಾಸ್ಫೇಟ್ ಬೆರೆಸುತ್ತಿದ್ದುದರಿಂದ ಹಳೆಯ ಸೀಸದ ಪೈಪುಗಳ ಒಳಮೈಗೆ ಒಂದು ಗಟ್ಟಿ ಪದರ ಕಟ್ಟಿಕೊಂಡಿತ್ತು. ಹೊಸ ನೀರಿಗೆ ಫಾಸ್ಫೇಟ್ ಬೆರೆಸಲಿಲ್ಲ. ಪದರ ಕಳಚಿತು, ಸೀಸ ಮನೆಮನೆಗೆ ಹರಿಯಿತು.

ಆ ವರ್ಷದ ಅಕ್ಟೋಬರಿನಲ್ಲಿಯೇ ಊರಿನ ಮೋಟಾರು ಎಂಜಿನ್ ಕಾರ್ಖಾನೆ, ಈ ನೀರಿನಿಂದ ಭಾಗಗಳು ತುಕ್ಕು ಹಿಡಿಯುತ್ತಿವೆ ಎಂದು ಅದನ್ನು ಬಳಸುವುದನ್ನು ನಿಲ್ಲಿಸಿತು. ಕಬ್ಬಿಣಕ್ಕೆ ಆಗದ ನೀರನ್ನು ಜನರು ಮಾತ್ರ ಮತ್ತೊಂದು ವರ್ಷ ಕುಡಿದರು. ನೀರು ಸುರಕ್ಷಿತವೆಂದು ಅಧಿಕಾರಿಗಳು ಹೇಳುತ್ತಲೇ ಇದ್ದರು. 2015ರಲ್ಲಿ ವಿಶ್ವವಿದ್ಯಾನಿಲಯವೊಂದರ ತಜ್ಞರು ಮನೆಗಳ ನಲ್ಲಿಯ ನೀರನ್ನು ಪರೀಕ್ಷಿಸಿದರು. ಸ್ಥಳೀಯ ಮಕ್ಕಳ ವೈದ್ಯೆ ಡಾ. ಮೋನಾ ಹನ್ನಾ ಅತೀಶಾ ಅವರು ಮಕ್ಕಳ ರಕ್ತಪರೀಕ್ಷೆಯ ಅಂಕಿಗಳನ್ನು ಮುಂದಿಟ್ಟರು. ಅಕ್ಟೋಬರಿನಲ್ಲಿ ಹಳೆಯ ನೀರನ್ನೇ ಮತ್ತೆ ತಂದರು.

ಕರ್ನಾಟಕದ ಹಳ್ಳಿಗಳಲ್ಲಿ ಸೀಸದ ಪೈಪುಗಳಿಲ್ಲ. ಹಾಗೆಂದು ಈ ಕಥೆ ನಮಗೆ ಸಂಬಂಧಿಸಿದ್ದಲ್ಲ ಎನ್ನುವಂತಿಲ್ಲ. ಒಂದೇ ಪೈಪಿನಲ್ಲಿ ಬೇಸಿಗೆಯಲ್ಲಿ ಕೊಳವೆ ಬಾವಿಯ ನೀರು, ಮಳೆಗಾಲದಲ್ಲಿ ತೆರೆದ ಬಾವಿಯ ನೀರು, ಬರಗಾಲದಲ್ಲಿ ಟ್ಯಾಂಕರಿನ ನೀರು, ಯೋಜನೆ ಬಂದಮೇಲೆ ಹೊಳೆಯ ನೀರು ಹರಿಯುವುದು ಇಲ್ಲಿ ಸಾಮಾನ್ಯ. ನೀರು ಬದಲಾದಾಗಲೆಲ್ಲ ಪೈಪಿನ ಒಳಗಿನ ಪದರವೂ ಅಲುಗುತ್ತದೆ.

ನಮ್ಮ ಮನೆಗಳಲ್ಲಿ ಸೀಸ ಇರುವ ಜಾಗಗಳು

ಮೊದಲನೆಯದು ಪಿ.ವಿ.ಸಿ. ಪೈಪು. ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕನ್ನು ಕಾಯಿಸಿ ಪೈಪಾಗಿ ಎಳೆಯುವಾಗ ಅದು ಸೀದು ಕೆಡದಂತೆ ಒಂದು ಸ್ಥಿರಕಾರಿಯನ್ನು ಬೆರೆಸಬೇಕಾಗುತ್ತದೆ. ನಮ್ಮ ದೇಶದಲ್ಲಿ ದಶಕಗಳ ಕಾಲ ಇದಕ್ಕೆ ಅಗ್ಗವಾದ ಸೀಸದ ಲವಣಗಳನ್ನೇ ಬಳಸಲಾಯಿತು. ಕೇಂದ್ರ ಪರಿಸರ ಮಂತ್ರಾಲಯವು 2021ರಲ್ಲಿ ನಿಯಮಗಳನ್ನು ಹೊರಡಿಸಿ ಪಿ.ವಿ.ಸಿ. ಪೈಪುಗಳಲ್ಲಿ ಈ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸಲು ಕ್ರಮ ಕೈಗೊಂಡಿತು. ಅದಕ್ಕೆ ಮುಂಚೆ ಹೂಳಿದ ಪೈಪುಗಳು ನೆಲದಲ್ಲಿ ಹಾಗೆಯೇ ಇವೆ. ಹೊಸ ಪೈಪಿನ ಒಳಮೈಯಲ್ಲಿರುವ ಸೀಸ ಮೊದಲ ಕೆಲವು ದಿನಗಳ ನೀರಿನೊಡನೆ ಹೆಚ್ಚಾಗಿ ಬಿಡುತ್ತದೆ, ಆಮೇಲೆ ಇಳಿಯುತ್ತದೆ. ಆದರೆ ಬಿಸಿಲಿಗೆ ಒಡ್ಡಿಕೊಂಡು ಬೆಳ್ಳಗೆ ಬಿರುಸಾದ ಪೈಪಿನಿಂದ ಮತ್ತೆ ಸೀಸ ಹೊರಡುತ್ತದೆ.

ರೈತರು ಇಲ್ಲಿ ಒಂದು ತಪ್ಪು ಮಾಡುವುದುಂಟು. ತೋಟಕ್ಕೆ ಹನಿ ನೀರಾವರಿ ಬಂದಮೇಲೆ ಉಳಿದ ಹಳೆಯ ಪೈಪುಗಳನ್ನು, ನಾಲ್ಕಾರು ವರ್ಷ ಬದುವಿನ ಮೇಲೆ ಬಿಸಿಲಲ್ಲಿ ಬಿದ್ದಿದ್ದವುಗಳನ್ನು, ಹಾಳಾಗುವುದೇಕೆಂದು ಮನೆಯ ಕುಡಿಯುವ ನೀರಿಗೆ ಜೋಡಿಸುತ್ತಾರೆ. ದುಡ್ಡು ಉಳಿಯುತ್ತದೆ, ನಿಜ. ಆ ಪೈಪುಗಳನ್ನು ದನದ ಕೊಟ್ಟಿಗೆಯ ಗಂಜಲ ಹರಿಸಲೋ ಗಿಡಗಳಿಗೆ ನೀರು ಬಿಡಲೋ ಉಪಯೋಗಿಸಿ, ಅಡಿಗೆಮನೆಯ ಸಾಲಿಗೆ ಬೇರೆ ಪೈಪು ಕೊಳ್ಳುವುದೇ ಸರಿ. ಪಾಲಿಥೀನ್ ಪೈಪಿಗೆ ಸೀಸದ ಸ್ಥಿರಕಾರಿ ಬೇಕಿಲ್ಲ. ಅಂಗಡಿಯಲ್ಲಿ ಕುಡಿಯುವ ನೀರಿನ ಪಾಲಿಥೀನ್ ಪೈಪಿಗೆ ಐ.ಎಸ್. 4984, ಪಿ.ವಿ.ಸಿ. ಪೈಪಿಗೆ ಐ.ಎಸ್. 4985 ಎಂಬ ಗುರುತು ಮೈಮೇಲೆ ಅಚ್ಚಾಗಿದೆಯೇ ಎಂದು ನೋಡಬೇಕು. ಪಿ.ವಿ.ಸಿ. ಆದರೆ ಸೀಸರಹಿತವೇ ಎಂದೂ ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ಹಿತ್ತಾಳೆಯ ನಲ್ಲಿ, ವಾಲ್ವು ಮತ್ತು ಜೋಡಣೆಗಳು. ಹಿತ್ತಾಳೆಯನ್ನು ಲೇತಿನಲ್ಲಿ ಸುಲಭವಾಗಿ ಕಡೆಯಲು ಬರುವಂತೆ ಅದಕ್ಕೆ ನೂರಕ್ಕೆ ಎರಡು ಮೂರು ಪಾಲು ಸೀಸ ಸೇರಿಸುವುದು ಹಳೆಯ ಪದ್ಧತಿ. ಹಳೆಯ ಸಾಮಾನನ್ನು ಕರಗಿಸಿ ಎರಕ ಹೊಯ್ದ ಅಗ್ಗದ ನಲ್ಲಿಗಳಲ್ಲಿ ಎಷ್ಟಿದೆಯೆಂದು ಹೇಳುವವರಿಲ್ಲ. ಅಮೆರಿಕದಲ್ಲಿ 2014ಕ್ಕೆ ಮುಂಚೆ 8 ಪಾಲಿನವರೆಗೆ ಸೀಸವಿದ್ದ ನಲ್ಲಿಗೂ ಸೀಸರಹಿತವೆಂಬ ಹೆಸರು ಸಲ್ಲುತ್ತಿತ್ತು. ಈಗ ಅಲ್ಲಿ ಅದು ಕಾಲು ಪಾಲಿಗೆ ಇಳಿದಿದೆ. ಮೇಲಿನ ಹೊಳಪು ಲೇಪ ಹೊರಗಡೆಗೆ ಮಾತ್ರ, ನೀರು ಹರಿಯುವ ಒಳಮೈ ಬರಿಯ ಹಿತ್ತಾಳೆಯೇ. ಕೆಲವು ಪಂಪುಗಳ ಕಂಚಿನ ಬುಷ್‌ಗಳಲ್ಲಿಯೂ ಸೀಸ ಇರುತ್ತದೆ.

ಮೂರನೆಯದು ಪಾತ್ರೆ. ಕಲಾಯಿಯ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಿತ್ತಾಳೆ ತಾಮ್ರದ ಪಾತ್ರೆಗಳು ಮತ್ತೆ ಅಟ್ಟದಿಂದ ಕೆಳಗಿಳಿಯುತ್ತಿವೆ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿಯನ್ನು ಸವರಿ ಹತ್ತಿಯಿಂದ ಒರೆಸಿದರೆ ಬೆಳ್ಳಿಯಂತಹ ಪದರ ಕೂರುತ್ತದೆ. ಶುದ್ಧ ತವರದ್ದಾದರೆ ಈ ಪದರದಿಂದ ತೊಂದರೆಯಿಲ್ಲ. ಆದರೆ ತವರ ದುಬಾರಿ, ಸೀಸ ಅಗ್ಗ. ತವರ ಕರಗಲು 232 ಡಿಗ್ರಿ ಶಾಖ ಬೇಕು. ತವರ ಸೀಸ ತಕ್ಕ ಪ್ರಮಾಣದಲ್ಲಿ ಬೆರೆತರೆ 183 ಡಿಗ್ರಿಗೇ ಕರಗಿ ನೀರಿನಂತೆ ಹರಡುತ್ತದೆ. ಕೆಲಸ ಸುಲಭ, ಲಾಭವೂ ಹೆಚ್ಚು. ಆದುದರಿಂದ ಬೆರಕೆಗೆ ಆಸೆಯಿದ್ದೇ ಇದೆ.

ಕಡ್ಡಿಯನ್ನು ಪರೀಕ್ಷಿಸಲು ಮನೆಯಲ್ಲೇ ಕೆಲವು ಉಪಾಯಗಳಿವೆ. ಬಿಳಿ ಕಾಗದದ ಮೇಲೆ ಉಜ್ಜಿದಾಗ ಸೀಸ ಹೆಚ್ಚಾಗಿರುವ ಕಡ್ಡಿ ಪೆನ್ಸಿಲಿನಂತೆ ಬೂದು ಗೆರೆ ಎಳೆಯುತ್ತದೆ, ಶುದ್ಧ ತವರ ಹೆಚ್ಚುಕಡಿಮೆ ಎಳೆಯುವುದಿಲ್ಲ. ಶುದ್ಧ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಚಿಟಚಿಟನೆ ಸಣ್ಣ ಸದ್ದು ಕೇಳಿಸುತ್ತದೆ. ಸೀಸ ಸದ್ದಿಲ್ಲದೆ ಬಾಗುತ್ತದೆ. ತೂಕದಲ್ಲಿಯೂ ಸೀಸ ತವರಕ್ಕಿಂತ ಒಂದೂವರೆ ಪಾಲು ಭಾರ. ಇವು ಹೆಚ್ಚಿನ ಬೆರಕೆಯನ್ನು ಹಿಡಿಯುತ್ತವೆ, ಅಲ್ಪ ಬೆರಕೆಯನ್ನಲ್ಲ. ಅನುಮಾನವಿರುವ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ, ಹುಣಸೆ ರಸಗಳನ್ನು ಇಡಲೇಬಾರದು. ತೂತಾದ ಕೊಡ, ಹಂಡೆಗಳಿಗೆ ಹಾಕಿಸುವ ಬೆಸುಗೆ ಬಹುಮಟ್ಟಿಗೆ ಸೀಸದ್ದೇ. ಅಂತಹ ಕೊಡವನ್ನು ಕುಡಿಯುವ ನೀರಿನಿಂದ ದೂರವಿಡಬೇಕು. ಬೇಗ ಕುದಿಯಲೆಂದು ಬಚ್ಚಲ ಹಂಡೆಯ ಬಿಸಿನೀರನ್ನು ಅಡಿಗೆಗೆ ಬಗ್ಗಿಸಿಕೊಳ್ಳುವ ರೂಢಿ ಕೆಲವೆಡೆ ಇದೆ. ಬಿಸಿನೀರು ತಣ್ಣೀರಿಗಿಂತ ಬೇಗ ಲೋಹವನ್ನು ಬಿಡಿಸುತ್ತದೆ. ಅಡಿಗೆಗೆ ತಣ್ಣೀರನ್ನೇ ತೆಗೆದು ಕಾಯಿಸಿಕೊಳ್ಳಬೇಕು.

ಎಲ್ಲ ನೀರೂ ಒಂದೇ ಅಲ್ಲ

ಬಯಲುಸೀಮೆಯ ಗಡಸು ನೀರನ್ನು ಬೈಯದವರಿಲ್ಲ. ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುತ್ತದೆ, ಸಾಬೂನು ನೊರೆ ಬರುವುದಿಲ್ಲ. ಆದರೆ ಅದೇ ಸುಣ್ಣ ಪೈಪು ನಲ್ಲಿಗಳ ಒಳಗೂ ಪದರ ಕಟ್ಟಿ ಲೋಹವನ್ನು ನೀರಿನಿಂದ ಮರೆಮಾಡುತ್ತದೆ. ಪೂರ್ತಿ ರಕ್ಷಣೆಯಲ್ಲದಿದ್ದರೂ ಅಷ್ಟರಮಟ್ಟಿಗೆ ಉಪಕಾರವೇ. ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ನೆಲದ ಬಾವಿಗಳಲ್ಲಿ ಹೀಗಲ್ಲ. ಅಲ್ಲಿಯ ನೀರು ಮೃದು, ಬೇಳೆ ಬೇಗ ಬೇಯುತ್ತದೆ. ಆದರೆ ಹಲವು ಕಡೆ ರಸಸಾರ 6.5ಕ್ಕಿಂತ ಕೆಳಗಿದ್ದು ಹುಳಿಗುಣದ್ದಾಗಿರುತ್ತದೆ. ಹಿತ್ತಾಳೆಯ ನಲ್ಲಿಯ ಕೆಳಗೆ ಬಚ್ಚಲ ಕಲ್ಲಿನ ಮೇಲೆ ಹಸಿರು ನೀಲಿ ಕಲೆ ಕಟ್ಟಿದ್ದರೆ ನೀರು ಲೋಹವನ್ನು ತಿನ್ನುತ್ತಿದೆಯೆಂದೇ ತಿಳಿಯಬೇಕು. ಆ ಬಣ್ಣ ತಾಮ್ರದ್ದು. ಅದರ ಜೊತೆಗೆ ಸೀಸ ಬಂದಿದ್ದರೆ ಅದು ಕಾಣುವುದಿಲ್ಲ. ಮಾಡಿನಿಂದ ಹಿಡಿದಿಟ್ಟ ಮಳೆನೀರೂ ಈ ಮೃದು ಜಾತಿಯದೇ.

ಇನ್ನೊಂದು ಸಂಗತಿ ವಿಸ್ತರಣಾ ಕಾರ್ಯಕರ್ತರು ವಿಶೇಷವಾಗಿ ಗಮನಿಸತಕ್ಕದ್ದು. ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ಸಿಗುವ ನೀರಿನಿಂದ ಫ್ಲೋರೈಡಿನ ಜೊತೆಗೆ ಸೀಸವೂ ಬಹುಮಟ್ಟಿಗೆ ಹೋಗಿರುತ್ತದೆ. ಆದರೆ ಲವಣಗಳೆಲ್ಲ ಹೋದ ಆ ನೀರು ಹಸಿದ ನೀರು. ಮುಟ್ಟಿದ ಲೋಹವನ್ನು ಕರಗಿಸಿಕೊಳ್ಳುವ ಸ್ವಭಾವ ಅದಕ್ಕೆ ಹೆಚ್ಚು. ಕ್ಯಾನಿನಲ್ಲಿ ತಂದು ಹಿತ್ತಾಳೆ ನಲ್ಲಿಯ ಡ್ರಮ್ಮಿಗೋ ಬೆಸುಗೆ ಹಾಕಿದ ಕೊಡಕ್ಕೋ ಸುರಿದಿಟ್ಟರೆ ಮಾಡಿದ ಖರ್ಚು ವ್ಯರ್ಥ. ಉಕ್ಕಿನ ಅಥವಾ ಮಣ್ಣಿನ ಪಾತ್ರೆಯಲ್ಲಿ ಇಡುವುದು ಲೇಸು.

ಮಾಡಬೇಕಾದುದು

ಕುದಿಸಿದರೆ ಸೀಸ ಹೋಗುವುದಿಲ್ಲ. 10 ಲೀಟರ್ ನೀರು ಕುದಿದು 8 ಲೀಟರ್ ಆದರೆ ನೀರು ಆವಿಯಾಗುತ್ತದೆ, ಸೀಸ ಉಳಿಯುತ್ತದೆ, 0.010 ಇದ್ದುದು 0.0125 ಆಗುತ್ತದೆ. ಭೇದಿ, ಕಾಮಾಲೆಗಳನ್ನು ತಡೆಯಲು ಕುದಿಸುವುದು ಬೇಕೇ ಬೇಕು, ಆ ಅಭ್ಯಾಸ ಬಿಡಕೂಡದು. ಬಟ್ಟೆಯಲ್ಲಿ ಸೋಸುವುದು, ಬ್ಲೀಚಿಂಗ್ ಪುಡಿ ಇವೂ ಕರಗಿದ ಸೀಸಕ್ಕೆ ಉಪಯೋಗವಿಲ್ಲ.

ಖರ್ಚಿಲ್ಲದ ಉಪಾಯ ಒಂದೇ: ರಾತ್ರಿಯಿಡೀ ನಿಂತ ನೀರನ್ನು ಕುಡಿಯಲು ಹಿಡಿಯದೆ ಮೊದಲು ಹರಿಯಬಿಡುವುದು. ಎಷ್ಟು ಬಿಡಬೇಕೆಂಬುದನ್ನು ಲೆಕ್ಕ ಹಾಕಬಹುದು. ಒಳಗಡೆ 15 ಮಿಲಿಮೀಟರ್ ಅಗಲದ ಅರ್ಧ ಇಂಚಿನ ಪೈಪು ಒಂದು ಮೀಟರಿಗೆ ಸುಮಾರು 180 ಮಿಲಿಲೀಟರ್ ನೀರು ಹಿಡಿಯುತ್ತದೆ. ಟ್ಯಾಂಕಿನಿಂದ ಅಡಿಗೆಮನೆಗೆ 20 ಮೀಟರ್ ಇದ್ದರೆ ಮೂರೂವರೆ ಲೀಟರಿನಷ್ಟಾಯಿತು. 25 ಮಿಲಿಮೀಟರ್ ಪೈಪಾದರೆ ಅದೇ ದೂರಕ್ಕೆ ಹತ್ತು ಲೀಟರ್. ನೀರಿಗೆ ಬರವಿರುವ ಊರಿನಲ್ಲಿ ಇದನ್ನು ಹೇಳಿದರೆ ಗೃಹಿಣಿಯರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆ ನೀರನ್ನು ಬಕೀಟಿನಲ್ಲಿ ಹಿಡಿದು ಅಂಗಳಕ್ಕೆ, ಪಾತ್ರೆ ತೊಳೆಯಲು, ಹಿತ್ತಲ ಹೂಗಿಡಗಳಿಗೆ ಬಳಸಿದರೆ ಒಂದು ಹನಿಯೂ ಹಾಳಾಗದು. ಸಂಜೆಯೇ ಹರಿಯುವ ನೀರನ್ನು ಉಕ್ಕಿನ ಪಾತ್ರೆಗೆ ತುಂಬಿಟ್ಟು ಬೆಳಗಿನ ಕಾಫಿಗೆ ಅದನ್ನು ಬಳಸುವುದು ಇನ್ನೂ ಸುಲಭ. ಹೊಸ ಪೈಪು ಹಾಕಿದಾಗ ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಖಾಲಿ ಮಾಡುವುದನ್ನು ಕೆಲವು ದಿನ ಮಾಡಿ ಆಮೇಲೆ ಕುಡಿಯಲು ತೊಡಗಬೇಕು. ನಲ್ಲಿಯ ಬಾಯಿಗೆ ಜಾಲರಿಯಿದ್ದರೆ ಬಿಚ್ಚಿ ತೊಳೆಯಬೇಕು. ಲೋಹದ ಪುಡಿ ಅಲ್ಲಿ ಕೂಡುತ್ತದೆ.

ಹೊಟ್ಟೆ ತುಂಬ ಉಂಡ, ಕಬ್ಬಿಣ ಮತ್ತು ಸುಣ್ಣಾಂಶಗಳ ಕೊರತೆಯಿಲ್ಲದ ಮಗುವಿನ ಕರುಳು ಸೀಸವನ್ನು ಕಡಿಮೆ ಹೀರುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದೆ. ರಾಗಿ, ಸೊಪ್ಪು, ಹಾಲು ಮನೆಯಲ್ಲೇ ಇರುವಾಗ ಮಗುವನ್ನು ಬರಿಹೊಟ್ಟೆಯಲ್ಲಿ ಶಾಲೆಗೆ ಕಳಿಸಬಾರದು.

ಸೀಸವಿದೆಯೋ ಇಲ್ಲವೋ ಎಂಬುದು ಪರೀಕ್ಷೆಯಿಂದಲೇ ತಿಳಿಯಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಬಳಸುವ ಪರೀಕ್ಷಾ ಪೆಟ್ಟಿಗೆಯು ರಸಸಾರ, ಗಡಸುತನ, ಕಬ್ಬಿಣ, ನೈಟ್ರೇಟ್, ಫ್ಲೋರೈಡ್‌ಗಳಂತಹವನ್ನು ತೋರಿಸುತ್ತದೆ, ಸೀಸವನ್ನು ತೋರಿಸುವುದಿಲ್ಲ. ಆ ಪೆಟ್ಟಿಗೆಯಲ್ಲಿ ನೀರು ಪಾಸಾಯಿತು ಎಂಬುದನ್ನು ಸೀಸಕ್ಕೂ ಅನ್ವಯಿಸಬಾರದು. ಸೀಸಕ್ಕೆ ಲೋಹಗಳನ್ನು ಅಳೆಯುವ ಯಂತ್ರವಿರುವ ಪ್ರಯೋಗಾಲಯವೇ ಆಗಬೇಕು. ಎಲ್ಲ ಪ್ರಯೋಗಾಲಯಗಳಲ್ಲೂ ಆ ಸೌಲಭ್ಯವಿರುವುದಿಲ್ಲವಾದ್ದರಿಂದ ಮುಂಚಿತವಾಗಿ ವಿಚಾರಿಸಿ, ಅವರೇ ಕೊಡುವ ಬಾಟಲಿಯನ್ನು ಪಡೆಯುವುದು ಒಳ್ಳೆಯದು.

ಮಾದರಿ ತೆಗೆಯುವ ಕ್ರಮದಲ್ಲಿಯೇ ಅರ್ಧ ಉತ್ತರವಿದೆ. ಕನಿಷ್ಠ 6 ಗಂಟೆ ನಲ್ಲಿ ಮುಟ್ಟದೆ ಬಿಟ್ಟು, ಬೆಳಿಗ್ಗೆ ಒಂದು ತೊಟ್ಟನ್ನೂ ಚೆಲ್ಲದೆ ಮೊದಲ ಒಂದು ಲೀಟರನ್ನು ಒಂದು ಬಾಟಲಿಗೆ ಹಿಡಿಯಬೇಕು. ಪೈಪಿನ ನೀರೆಲ್ಲ ಹೋಗುವಷ್ಟು ಹರಿಯಬಿಟ್ಟು ಎರಡನೆಯ ಬಾಟಲಿ ಹಿಡಿಯಬೇಕು. ಸಾಧ್ಯವಾದರೆ ಪಂಪಿನ ಬಾಯಲ್ಲೇ ಮೂರನೆಯದನ್ನು ಹಿಡಿಯಬೇಕು. ಮೊದಲನೆಯದರಲ್ಲಿ ಮಾತ್ರ ಸೀಸ ಬಂದರೆ ದೋಷ ನಲ್ಲಿ ಮತ್ತು ಹತ್ತಿರದ ಜೋಡಣೆಗಳದ್ದು. ಒಂದು ನಲ್ಲಿ ಬದಲಾಯಿಸುವ ಖರ್ಚಿನಲ್ಲಿ ಮುಗಿಯಬಹುದು. ಎರಡರಲ್ಲೂ ಬಂದು ಮೂರನೆಯದು ಶುದ್ಧವಿದ್ದರೆ ನಡುವಿನ ಪೈಪನ್ನು ನೋಡಬೇಕು. ಮೂರರಲ್ಲೂ ಇದ್ದರೆ ಪಂಪನ್ನು ಎತ್ತಿಸಿ ನೋಡಬೇಕು, ಬಾವಿಯ ಸುತ್ತ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಹೂತಿದೆಯೇ ಎಂದು ಹುಡುಕಬೇಕು. ಬಾಟಲಿಯ ಮೇಲೆ ಯಾವ ನಲ್ಲಿ, ಎಷ್ಟು ಹೊತ್ತು ನಿಂತ ನೀರು, ಯಾವ ದಿನ ಎಂದು ಬರೆಯುವುದನ್ನು ಮರೆತರೆ ಮೂರೂ ಬಾಟಲಿಗಳ ಫಲಿತಾಂಶ ಕಲಸಿಹೋಗುತ್ತದೆ. ದೋಷವೆಂದು ಕಂಡ ಭಾಗವನ್ನು ಬದಲಾಯಿಸಿದ ತಿಂಗಳೊಪ್ಪತ್ತಿಗೆ ಅದೇ ನಲ್ಲಿಯಿಂದ, ಅದೇ ಕ್ರಮದಲ್ಲಿ ಮತ್ತೊಮ್ಮೆ ಮಾದರಿ ಕಳುಹಿಸಬೇಕು.